ಸಡಿಲಾದ ತಿರುಪಿನ ವಿಷಯವಾಗಿ ಕೆಲವು ಮಾತುಗಳು



ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯಾದವಳು ಪರೀಕ್ಷೆಯ ಫಲಿತಾಂಶಗಳನ್ನೂ ಕಟ್ಟಡದ ಅಭಿವೃದ್ಧಿಯನ್ನೂ ಕುರಿತು ಬರೆಯುವದು ವಾಡಿಕೆ. ಅವೆರಡೂ ಬೇರೆ ಪುಟಗಳಲ್ಲಿ ಬಂದಿರುವದರಿಂದ, ನಾನು ಒಂದು ಗಿಟಾರಿನ ಸಂಗತಿಯನ್ನು ಬರೆಯಲು ನಿಮ್ಮ ಅಪ್ಪಣೆಯನ್ನು ಬೇಡುತ್ತೇನೆ. ಅದು ನೀವೇ ಹಣ ಕೂಡಿಸಿ ಕೊಟ್ಟ ಗಿಟಾರು. ಆದಕಾರಣ ಅದಕ್ಕೆ ಏನಾಯಿತೆಂಬದನ್ನು ತಿಳಿಯುವ ಹಕ್ಕು ನಿಮಗುಂಟು. ಅದರ ಲೆಕ್ಕವನ್ನು ಒಪ್ಪಿಸುವಾಗ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕಾಗಿದೆ.

ನಮ್ಮ ಶಾಲೆಯ ಸಂಗೀತದ ಕೋಣೆಯಲ್ಲಿ ಬಹು ಕಾಲದಿಂದ ಹಾರ್ಮೋನಿಯಂ, ತಬಲಾ ಇವೇ ಇದ್ದವು. ಕೆಲವು ವರ್ಷಗಳ ಹಿಂದೆ ನಿಮ್ಮಲ್ಲಿ ಅನೇಕರು ಕೂಡಿ ಒಂದು ವಿದ್ಯುತ್ ಗಿಟಾರನ್ನೂ ಅದರ ಧ್ವನಿವರ್ಧಕ ಪೆಟ್ಟಿಗೆಯನ್ನೂ ಕೊಡಿಸಿದಿರಿ. ನೋಡದವರ ಸಲುವಾಗಿ ಹೇಳುವದಾದರೆ, ಈ ವಾದ್ಯಕ್ಕೆ ಟೊಳ್ಳು ಹೊಟ್ಟೆಯಿಲ್ಲ. ಗಟ್ಟಿ ಮರದ ಹಲಗೆಯೇ ಅದರ ದೇಹ. ಉಕ್ಕಿನ ತಂತಿಗಳು ಕಂಪಿಸುವಾಗ ಅವುಗಳ ಕೆಳಗಿರುವ ಅಯಸ್ಕಾಂತ ಮತ್ತು ತಾಮ್ರದ ಸುರುಳಿಗಳಲ್ಲಿ ವಿದ್ಯುತ್ತು ಹುಟ್ಟಿ, ಅದು ಪೆಟ್ಟಿಗೆಯಲ್ಲಿ ನಾದವಾಗುವದು. ತಂತಿಗಳು ಒರಗಿರುವ ಭಾಗಕ್ಕೆ ನಮ್ಮ ತಂಬೂರಿಯಲ್ಲಿ ಕುದುರೆ ಎನ್ನುವೆವಷ್ಟೆ. ಈ ಗಿಟಾರಿನ ಕುದುರೆಯು ಸ್ಥಿರವಾಗಿ ಕೂತಿರದೆ ಮುಂದಣ ಅಂಚಿನ ಮೇಲೆ ತುಸು ಓಲಾಡುವಂಥದು. ಮೇಲುಗಡೆ ತಂತಿಗಳ ಎಳೆತ, ಹಲಗೆಯ ಬೆನ್ನಿನ ಗೂಡಿನಲ್ಲಿ ಸ್ಪ್ರಿಂಗುಗಳ ಎಳೆತ. ಇವೆರಡೂ ಸಮವಾದಲ್ಲಿ ಕುದುರೆ ನಿಲ್ಲುವದು. ಅದಕ್ಕೆ ತಿರುಪಿನಿಂದ ಸೇರಿಸಿದ, ಬಾಗಿದ ಒಂದು ಉಕ್ಕಿನ ಸರಳಿಗೆ ಟ್ರೆಮೊಲೊ ಬಾರ್ ಎಂದು ಹೆಸರು. ಅದನ್ನು ಅಂಗೈಯಿಂದ ಒತ್ತಿದರೆ ತಂತಿಗಳು ಸಡಿಲಾಗಿ ಸ್ವರವು ಕೆಳಗೆ ಜಾರುವದು, ಬಿಟ್ಟರೆ ಸ್ವಸ್ಥಾನಕ್ಕೆ ಬರುವದು. ಹಿಂದುಸ್ತಾನಿ ಸಂಗೀತವನ್ನು ಕೇಳಿ ಬೆಳೆದ ನಮ್ಮ ಕಡೆಯ ಕಿವಿಗೆ ಅದು ಮೀಂಡಿನ ದೂರದ ನೆಂಟನಂತೆ ತೋರುವದು.

ಎರಡನೆಯ ವರ್ಷದಲ್ಲಿ ಈ ಸರಳು ಸಡಿಲಾಯಿತು. ಒತ್ತುವದಕ್ಕೆ ಮೊದಲು ತನ್ನ ರಂಧ್ರದಲ್ಲಿ ಅಲುಗಾಡಿ 'ಟಕ್' ಎನ್ನುವದು. ಕೈ ಬಿಟ್ಟರೆ ನಿಂತಲ್ಲಿ ನಿಲ್ಲದೆ ಜೋಲು ಬೀಳುವದು. ಪ್ರಾರ್ಥನಾ ಸಭೆಯಲ್ಲಿ ಆ ಟಕ್ ಎಂಬ ಸದ್ದು ಹಾಡಿಗಿಂತ ಚೆನ್ನಾಗಿ ಕೇಳಿಸಿದ ದಿನ ಚಿಕ್ಕ ತರಗತಿಯವರು ನಕ್ಕರು. ನಮ್ಮ ಸಂಗೀತದ ಶಿಕ್ಷಕಿಯರು ಅದನ್ನು ಬಿಗಿಯಾಗಿ ತಿರುವಿದರು. ಕೊನೆಯವರೆಗೆ ತಿರುವಿದರೆ ಸರಳು ಬಿಗಿಯಾಗಿ ನಿಲ್ಲುವದೇನೋ ನಿಜ, ಆದರೆ ಕೈಗೆ ನಿಲುಕದ ದಿಕ್ಕಿಗೆ ಮುಖ ಮಾಡಿ ನಿಲ್ಲುವದು; ಕೈಗೆ ನಿಲುಕುವಂತೆ ಅರ್ಧ ಸುತ್ತು ಹಿಂದಕ್ಕೆ ತಂದರೆ ಪುನಃ ಅಲುಗಾಟ. ತರುವಾಯ ಅದನ್ನು ನೆರೆಯ ದೊಡ್ಡ ನಗರವೊಂದರ ಅಂಗಡಿಗೆ ಕಳಿಸಿದೆವು. ಅಂಗಡಿಯವರು ಅದನ್ನು ಬಿಚ್ಚಿಯೂ ನೋಡದೆ, ಇಡೀ ಕುದುರೆಯನ್ನೇ ಬದಲಿಸಬೇಕು, 6,000 ರೂಪಾಯಿ ಬೀಳುವದು ಎಂದರು. ಆ ವರ್ಷ ನಮ್ಮಲ್ಲಿ ಅಷ್ಟು ಹಣವಿರಲಿಲ್ಲ. ನಾನು ಗಿಟಾರನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆನು. ಹತ್ತು ತಿಂಗಳು ಅದು ಅಲ್ಲಿಯೇ ಇತ್ತು. ನಿಮ್ಮಲ್ಲಿ ಕೆಲವರು ಪತ್ರ ಬರೆದು ಕೇಳಿದಾಗ 'ಸುರಕ್ಷಿತವಾಗಿದೆ' ಎಂದು ಉತ್ತರ ಬರೆದೆನು. ಆ ಉತ್ತರದಲ್ಲಿ ಸುಳ್ಳೇನೂ ಇರಲಿಲ್ಲ, ಆದರೂ ಅದನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುವದು.

ಹೀಗಿರಲಾಗಿ ಒಂದು ಸಂಜೆ ಕಪಾಟನ್ನು ಒರೆಸುವದಕ್ಕೆಂದು ಬೀಗ ತೆಗೆಸಿದ್ದೆನು. ತಿರುಗಿ ಬಂದು ನೋಡಿದರೆ ನಮ್ಮ ವಸತಿಗೃಹದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನೆಲದ ಮೇಲೆ ಕೂತು, ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ಸರಳನ್ನು ಪೂರ್ತಿ ತಿರುವಿ ತೆಗೆದು ಅದರ ತುದಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಪಕ್ಕದಲ್ಲಿ ಕಾವಲುಗಾರನ ಪಕ್ಕಡ ಬಿದ್ದಿತ್ತು. ನಾನು ಏನೆಂದೂ ಕೇಳಲಿಲ್ಲ. ಗಿಟಾರನ್ನು ಕಸಿದುಕೊಂಡು, ಅವಳನ್ನು ನನ್ನ ಕೋಣೆಯ ಹೊರಗೆ ನಿಲ್ಲಿಸಿ, ಅವಳ ತಂದೆಯವರಿಗೆ ಫೋನು ಮಾಡಿಸಿದೆನು.

ಅವರು ಮರುದಿನ ಮೊದಲನೆಯ ಬಸ್ಸಿಗೆ ಕಮಲಾಪುರದಿಂದ ಬಂದರು. ಕಲಬುರಗಿಯಿಂದ ಹುಮನಾಬಾದಿನ ಹಾದಿಯಲ್ಲಿರುವ ಕಮಲಾಪುರವು ಕೆಂಬಾಳೆಗೆ ಪ್ರಸಿದ್ಧವೆಂಬದನ್ನು ನಿಮಗೆ ಹೇಳಬೇಕಾದ್ದಿಲ್ಲ. ಆ ಹಣ್ಣಿಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಅವರದು ಅಂಥದೇ ಒಂದು ಚಿಕ್ಕ ತೋಟ. ನನ್ನ ದೂರನ್ನು ಪೂರ್ತಿಯಾಗಿ ಕೇಳಿಕೊಂಡ ಮೇಲೆ ಅವರು ಬಹು ಮೆಲ್ಲಗೆ, "ಮೇಡಂರೀ, ನಮ್ಮ ಬಾಳಿ ತ್ವಾಟದಾಗ ಪೈಪು ಸೋರಿದ್ರ ಅಕೀನೇ ಟೇಪ್ ಸುತ್ತತಾಳ್ರಿ. ಅಕಿ ಕೆಡಸೂ ಹುಡುಗಿ ಅಲ್ರಿ. ಒಮ್ಮಿ ಬಿಟ್ಟು ನೋಡ್ರಿ" ಎಂದರು.

ನಾನು ಬಿಟ್ಟು ನೋಡಿದೆನು. ಮನಸ್ಸಿನಿಂದಲ್ಲ, ಆ ಮನುಷ್ಯರ ಮುಖ ನೋಡಿ.

ಅವಳು ನನ್ನ ಮೇಜಿನ ಮೇಲೆಯೇ ಕೆಲಸ ಮಾಡಿದಳು. ಮೊದಲು ಸರಳಿನ ತಿರುಪಿನ ಸುತ್ತುಗಳನ್ನು ಬಟ್ಟೆಯಿಂದ ಒರೆಸಿ, ಸವೆದಿವೆಯೋ ಮುರಿದಿವೆಯೋ ಎಂದು ಉಗುರಿನಿಂದ ಮುಟ್ಟಿ ನೋಡಿದಳು. "ಮುರದಿಲ್ರಿ, ಬರೇ ಸವದಾವ್ರಿ" ಎಂದಳು. ಆಮೇಲೆ ನಲ್ಲಿಯ ಕೂಡುಗಳಿಗೆ ಸುತ್ತುವ ಬಿಳಿಯ ಟೆಫ್ಲಾನ್ ಟೇಪನ್ನು ಎರಡು-ಮೂರು ಸುತ್ತು ಎಳೆದು ಸುತ್ತಿದಳು. ಇದರಲ್ಲಿಯೂ ಒಂದು ಕ್ರಮವುಂಟು. ತಿರುಪಿನ ತುದಿಯನ್ನು ನಮ್ಮ ಮುಖಕ್ಕೆ ಹಿಡಿದುಕೊಂಡು ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ಸುತ್ತಬೇಕು. ಹಾಗಾದರೆ ಒಳಗೆ ತಿರುವುವಾಗ ಟೇಪು ಇನ್ನಷ್ಟು ಬಿಗಿಯುವದು. ವಿರುದ್ಧ ದಿಕ್ಕಿಗೆ ಸುತ್ತಿದರೆ ಬಿಚ್ಚಿಕೊಂಡು ಮುದ್ದೆಯಾಗುವದು. ಈ ಸೂಕ್ಷ್ಮವನ್ನು ಅವಳು ಯಾವ ಪುಸ್ತಕದಿಂದಲೂ ಕಲಿತವಳಲ್ಲ, ತೋಟದ ಪೈಪು ಕಲಿಸಿತ್ತು. ಸರಳನ್ನು ತಿರುವಿ ಕೂಡಿಸಿದಳು. ಟಕ್ ಎಂಬ ಸದ್ದು ಹೋಯಿತು. ಎಲ್ಲಿ ಬಿಟ್ಟರೆ ಅಲ್ಲಿ ನಿಂತಿತು. ಟೇಪಿನ ಬೆಲೆ 20 ರೂಪಾಯಿ.

ಟೆಫ್ಲಾನೆಂಬದು ಮೆತ್ತಗಿದ್ದು ಸವೆದ ಸುತ್ತುಗಳ ನಡುವಿನ ಸಂದನ್ನು ತುಂಬುವದು. ಜಾರುವ ಗುಣದ್ದಾದ್ದರಿಂದ ಸರಳನ್ನು ಆಚೀಚೆ ತಿರುಗಿಸಲೂ ಅಡ್ಡಿ ಮಾಡದು. 1938ರಲ್ಲಿ ಅಮೆರಿಕೆಯ ರಸಾಯನ ಶಾಸ್ತ್ರಜ್ಞ ರಾಯ್ ಪ್ಲಂಕೆಟ್ ಎಂಬವರು ಶೀತಕ ಅನಿಲದ ಪ್ರಯೋಗದಲ್ಲಿದ್ದಾಗ ಅದು ಅಕಸ್ಮಾತ್ತಾಗಿ ದೊರೆಯಿತು. ಆದರೆ ಟೇಪು ಶಾಶ್ವತವಲ್ಲ. ಕೆಲವು ತಿಂಗಳಲ್ಲಿ ಅದು ಸವೆದಾಗ, ಹುಡುಗಿಯರು ಹಳೆಯ ಬಾಲ್ ಪೆನ್ನಿನ ಸ್ಪ್ರಿಂಗಿನಿಂದ ಚಿಕ್ಕ ತುಂಡು ಕತ್ತರಿಸಿ ರಂಧ್ರದ ತಳಕ್ಕೆ ಹಾಕಿದರು. ಅದು ಕೆಳಗಿನಿಂದ ಸರಳನ್ನು ಒತ್ತುತ್ತ ಅಲುಗಾಡಗೊಡದೆ ಇರುವದು. ಈ ಉದ್ದೇಶಕ್ಕೆಂದೇ ಮಾಡಿದ ಸ್ಪ್ರಿಂಗುಗಳು ಪೇಟೆಯಲ್ಲಿ ದೊರೆಯುತ್ತವೆಂದು ನನಗೆ ಆಮೇಲೆ ತಿಳಿಯಿತು. ನಿಮ್ಮ ಮಕ್ಕಳ ಮನೆಯಲ್ಲಿಯೂ ಇಂಥ ಗಿಟಾರು ಇದ್ದೀತು, ಆದ್ದರಿಂದ ಇನ್ನೆರಡು ಮಾತು. ಅಂಟನ್ನು ಎಂದಿಗೂ ಹಾಕಬಾರದು. ಸರಳು ಕಳೆದುಹೋದರೆ ಕಂಡದ್ದನ್ನು ತಂದು ಬಲವಂತದಿಂದ ತಿರುವಲೂ ಬಾರದು. ಅಮೆರಿಕೆಯ ಮಾದರಿಯ ತಿರುಪು ಇಂಚಿನ ಅಳತೆಯದು, ಏಷ್ಯದಲ್ಲಿ ತಯಾರಾದವುಗಳಲ್ಲಿ ಹೆಚ್ಚಿನವು 5 ಅಥವಾ 6 ಮಿಲಿಮೀಟರಿನವು. ಒಂದನ್ನು ಇನ್ನೊಂದರಲ್ಲಿ ತುರುಕಿದರೆ ರಂಧ್ರದೊಳಗಿನ ಸುತ್ತುಗಳೇ ಕೆಡುವವು, ಆಗ ಮಾತ್ರ ಅಂಗಡಿಯವರ ಮಾತು ನಿಜವಾಗುವದು. ಕೆಲವು ಗಿಟಾರುಗಳಲ್ಲಿ ಸರಳನ್ನು ತಿರುವದೆ ಒತ್ತಿ ಕೂಡಿಸುವದುಂಟು. ಅಂಥವುಗಳಿಗೆ ಕತ್ತಿನ ಬಳೆಯನ್ನು ಬಿಗಿ ಮಾಡಿದರೆ ಸಾಕು.

ಈ ವಸ್ತುವಿನ ಚರಿತ್ರೆಯನ್ನು ನಾನು ಆ ಬಳಿಕ ಓದಿದೆನು. ನಮ್ಮ ಗಿಟಾರಿನಲ್ಲಿರುವಂಥ ಕುದುರೆಯು 1954ರಲ್ಲಿ ಬಂದ ಸ್ಟ್ರಾಟೊಕ್ಯಾಸ್ಟರ್ ಎಂಬ ಗಿಟಾರಿನೊಡನೆ ಪ್ರಸಿದ್ಧಿಗೆ ಬಂತು. ಅದನ್ನು ಮಾಡಿದ ಲಿಯೊ ಫೆಂಡರರು 1956ರಲ್ಲಿ ಅದಕ್ಕೆ ಪೇಟೆಂಟು ಪಡೆದು, ಅದರಲ್ಲಿ ಟ್ರೆಮೊಲೊ ಎಂದು ಕರೆದರು. ಆ ಹೆಸರು ತಪ್ಪು. ಟ್ರೆಮೊಲೊ ಎಂದರೆ ನಾದದ ಬಲವು ಏರಿಳಿಯುವದು. ಸ್ವರವೇ ಏರಿಳಿದರೆ ಅದು ವೈಬ್ರೆಟೊ. ತಪ್ಪು ಹೆಸರೇ ಲೋಕದಲ್ಲಿ ನಿಂತುಬಿಟ್ಟಿತು. ಶಿಕ್ಷಕಿಯಾದ ನನಗೆ ಇದು ಇಂದಿಗೂ ಸಹಿಸದು. ಆದರೆ ನಾನು ಹೇಳಬಯಸಿದ್ದು ಬೇರೆ. ಆ ಫೆಂಡರರಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ಅವರು ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಎಂಬಲ್ಲಿ ರೇಡಿಯೋ ರಿಪೇರಿಯ ಅಂಗಡಿ ಇಟ್ಟವರು. ಕೆಟ್ಟದ್ದನ್ನು ಬಿಚ್ಚಿ ಬಿಚ್ಚಿ ನೋಡಿದ ಕೈಗಳೇ ಹೊಸದನ್ನು ಕಟ್ಟಿದವು. ಅವರ ಕಾರಖಾನೆಯಲ್ಲಿ ಅಯಸ್ಕಾಂತದ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿ ಸುತ್ತುವವರಲ್ಲಿ ಹೆಂಗಸರು ಬಹಳ. 1956ರಲ್ಲಿ ಅಲ್ಲಿ ಸೇರಿದ ಅಬಿಗೇಲ್ ಇಬಾರಾ ಎಂಬವರು ಅರ್ಧ ಶತಮಾನಕ್ಕೂ ಮೇಲ್ಪಟ್ಟು ಆ ಕೆಲಸ ಮಾಡಿದರು. ಅವರ ಕೈಯಿಂದ ಸುತ್ತಿದ ಸುರುಳಿಗಳನ್ನು ವಾದಕರು ಇಂದಿಗೂ ಹುಡುಕಿ ಕೊಳ್ಳುವರು.

ಈಗ ನನ್ನ ಅಭಿಪ್ರಾಯ. ಹಳೆಯ ವಿದ್ಯಾರ್ಥಿನಿಯರಲ್ಲಿ ಹಿರಿಯರಾದ ನಿಮಗೆ ಹೊಲಿಗೆಯ ತರಗತಿ ನೆನಪಿರಬೇಕು. ಯಂತ್ರಕ್ಕೆ ಎಣ್ಣೆ ಬಿಡುವದು, ದಾರದ ಬಿಗುವು ಸರಿ ಮಾಡುವದು, ಸಡಿಲಾದ ಪಟ್ಟಾ ಕತ್ತರಿಸಿ ಕೂಡಿಸುವದು, ಇವೆಲ್ಲವನ್ನೂ ನೀವೇ ಮಾಡುತ್ತಿದ್ದಿರಿ; ಯಾರೂ ಅದನ್ನು ಗಂಡಸರ ಕೆಲಸವೆನ್ನಲಿಲ್ಲ. ಆ ತರಗತಿ ನಿಂತ ಮೇಲೆ ನಾವು ಹುಡುಗಿಯರಿಗೆ ಕಂಪ್ಯೂಟರು ಕೊಟ್ಟೆವು, ಗಿಟಾರು ಕೊಟ್ಟೆವು, ಆದರೆ ತಿರುಪುಳಿಯನ್ನು ಕೈಯಿಂದ ಕಸಿದುಕೊಂಡೆವು. ಬೆಲೆಯುಳ್ಳ ವಸ್ತುವನ್ನು ನುಡಿಸಬಹುದು, ಮುಟ್ಟಬಾರದು ಎಂದು ಕಲಿಸಿದೆವು. ಕೆಲವು ಪಾಲಕರು ನನ್ನ ಹತ್ತಿರ ಬಂದು, ಹೆಣ್ಣು ಮಕ್ಕಳಿಗೆ ಪಾನಾ-ಪಕ್ಕಡ ಯಾಕೆ, ಅಂಕಗಳು ಬರಲಿ ಸಾಕು ಎಂದಿರುವರು. ಅವರ ಚಿಂತೆಯನ್ನು ನಾನು ಹಗುರವಾಗಿ ಕಾಣುವದಿಲ್ಲ, ಹತ್ತನೆಯ ತರಗತಿಯ ಅಂಕಗಳ ಬೆಲೆ ನನಗೂ ಗೊತ್ತು. ಆದರೆ ಆ ಹುಡುಗಿ ಮಾಡಿದ್ದರಲ್ಲಿ ನಾನು ಕಂಡದ್ದು ವಿಜ್ಞಾನದ ಪಾಠವೇ. ಸಡಿಲಾದದ್ದನ್ನು ಕಂಡ ಕೂಡಲೇ ನಾವೆಲ್ಲ ಬಿಗಿದೆವು. ಅವಳೊಬ್ಬಳೇ ಬಿಚ್ಚಿ, ಯಾಕೆ ಸಡಿಲಾಯಿತೆಂದು ನೋಡಿದಳು. ಇದಕ್ಕೆ ಅಂಕ ಕೊಡುವ ಪ್ರಶ್ನೆಪತ್ರಿಕೆಯನ್ನು ನಾನು ಇಪ್ಪತ್ತು ವರ್ಷಗಳ ವೃತ್ತಿಯಲ್ಲಿ ಕಂಡಿಲ್ಲ.

ತೋಟದಿಂದ ಬಂದ ಮಗುವಿಗೆ ನಮ್ಮಲ್ಲಿ ಕಲಿಯುವದಕ್ಕಷ್ಟೇ ಇದೆ, ಕಲಿಸುವದಕ್ಕೇನೂ ಇಲ್ಲವೆಂದು ನಾನು ತಿಳಿದಿದ್ದೆನೆಂಬದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಅವಳನ್ನು ಕೋಣೆಯ ಹೊರಗೆ ನಿಲ್ಲಿಸಿದ್ದು ಎಲ್ಲರ ಎದುರಿಗೆ. ಆದಕಾರಣ ಕ್ಷಮೆಯನ್ನೂ ಮರುವಾರದ ಪ್ರಾರ್ಥನಾ ಸಭೆಯಲ್ಲಿ ಎಲ್ಲರ ಎದುರಿಗೇ ಕೇಳಿದೆನು. ಅವಳು ತಲೆ ತಗ್ಗಿಸಿ ನಿಂತಿದ್ದಳು, ಕ್ಷಮೆಯು ಶಿಕ್ಷೆಗಿಂತ ಹೆಚ್ಚು ಕಷ್ಟವಾದಂತೆ ಕಂಡಿತು.

ಈಗ ಸಂಗೀತದ ಕಪಾಟಿಗೆ ಬೀಗವಿಲ್ಲ. ಕೆಳಗಿನ ಖಾನೆಯಲ್ಲಿ ಒಂದು ತಗಡಿನ ಪೆಟ್ಟಿಗೆ ಇದೆ: ಎರಡು ತಿರುಪುಳಿ, ಪಕ್ಕಡ, ಒಂದು ಜೊತೆ ಷಟ್ಕೋನದ ಕೀಲಿಗಳು, ಟೇಪಿನ ಸುರುಳಿ, ಹಳೆಯ ಪೆನ್ನುಗಳ ಸ್ಪ್ರಿಂಗು ತುಂಬಿದ ಒಂದು ಡಬ್ಬಿ. ಶನಿವಾರದ ಕೊನೆಯ ಅವಧಿಯಲ್ಲಿ ಎಂಟು, ಒಂಬತ್ತನೆಯ ತರಗತಿಯವರು ಸರತಿಯಂತೆ ಒಂದಲ್ಲ ಒಂದನ್ನು ಬಿಚ್ಚಿ ಕೂಡಿಸುವರು. ಹೋದ ತಿಂಗಳು ಒಂದು ಮೇಜು ಪಂಖವು ಬಿಚ್ಚಿದ ಮೇಲೆ ಕೂಡಲಿಲ್ಲ. ಅದನ್ನೂ ಲೆಕ್ಕದಲ್ಲಿ ಬರೆದಿದ್ದೇನೆ. ಈ ವರ್ಷ ನೀವು ಸಂಗೀತ ನಿಧಿಗೆ ಕಳಿಸುವ ಹಣದಲ್ಲಿ ಸ್ವಲ್ಪವನ್ನು ಈ ಪೆಟ್ಟಿಗೆಗೆ ವಿನಿಯೋಗಿಸಲು ಒಪ್ಪಿಗೆ ಕೊಡಬೇಕೆಂದು ಕೇಳುತ್ತೇನೆ. ಒಪ್ಪದವರು ನನಗೆ ನೇರವಾಗಿ ಬರೆಯಬಹುದು. ವಾರ್ಷಿಕ ಸಮ್ಮೇಳನಕ್ಕೆ ಬರುವವರು ಮನೆಯಲ್ಲಿ ಮೂಲೆಗೆ ಬಿದ್ದ ಹಾರ್ಮೋನಿಯಂ, ಹೊಲಿಗೆ ಯಂತ್ರ, ಏನಿದ್ದರೂ ತರಬೇಕು. ಗ್ಯಾಸಿನ ಒಲೆಯನ್ನು ಮಾತ್ರ ತರಬೇಡಿರಿ, ಅದಕ್ಕೆ ನಮ್ಮ ಹುಡುಗಿಯರಿಗೆ ಇನ್ನೂ ಅಪ್ಪಣೆಯಿಲ್ಲ.