ಎಳನೀರಿಗೆ ಸ್ಕ್ಯಾನರ್ ಇಲ್ಲ

ಶಿವರಾತ್ರಿ ಹತ್ತಿರ ಬಂತು ಅಂದ್ರೆ ಬೆಂಗಳೂರು, ತುಮಕೂರು, ಹಾಸನ ಕಡೆಯ ರಸ್ತೆಗಳಲ್ಲಿ ಹೆಗಲಿಗೊಂದು ಚೀಲ ಹಾಕ್ಕೊಂಡು ಸಾಲಾಗಿ ನಡೆಯೋ ಜನ ಕಾಣಿಸ್ತಾರೆ. ಎಲ್ಲರ ದಾರಿಯೂ ಧರ್ಮಸ್ಥಳಕ್ಕೆ. ಕಾರಿನಲ್ಲಿ ಹೋಗುವಾಗ ಇವರನ್ನು ನೋಡಿ ‘ಇಷ್ಟು ದೂರ ಹೇಗಪ್ಪಾ ನಡೀತಾರೆ’ ಅಂತ ನೀವೂ ಅಂದುಕೊಂಡಿರ್ತೀರಿ. ಅವರ ಜೊತೆ ಒಂದು ದಿನ ನಡೆದ ಮೇಲೆ ನನ್ನನ್ನ ಕಾಡಿದ್ದು ಬೇರೆ ಪ್ರಶ್ನೆ. ದಾರಿಯುದ್ದಕ್ಕೂ ಇಷ್ಟೆಲ್ಲ ಕೊಡೋ ಜನಕ್ಕೆ ನಾವು ವಾಪಸ್ ಏನು ಕೊಡೋದು?

ನಮ್ಮದು ತುರುವೇಕೆರೆಯಿಂದ ಹೊರಟ ಹದಿನಾಲ್ಕು ಜನರ ಗುಂಪು. ತಿಪಟೂರು, ಅರಸೀಕೆರೆ, ಬಾಣಾವರ, ಹಳೇಬೀಡು, ಬೇಲೂರು, ಮೂಡಿಗೆರೆ, ಆಮೇಲೆ ಚಾರ್ಮಾಡಿ ಘಾಟಿ ಇಳಿದು ಉಜಿರೆ. ಏಳು ದಿನದ ಲೆಕ್ಕ. ಇವತ್ತು ಹೇಳ್ತಿರೋದು ಮೊದಲ ದಿನದ್ದು ಮಾತ್ರ. ತುರುವೇಕೆರೆಯಿಂದ ನೊಣವಿನಕೆರೆ ಮೇಲೆ ತಿಪಟೂರು, ಸುಮಾರು 25 ಕಿಲೋಮೀಟರ್.

ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಮೂಲೆ ಶಂಕರೇಶ್ವರನಿಗೆ ಹೊರಗಿನಿಂದಲೇ ಕೈ ಮುಗಿದು ಹೊರಟ್ವಿ. ಗುಂಪಿನ ಹಿರಿಯರಿಗೆ ಇದು ಹನ್ನೊಂದನೇ ಪಾದಯಾತ್ರೆ. ಅವರು ಮೊದಲೇ ಹೇಳಿದ್ದರು: ‘ರಸ್ತೆ ಬಲಗಡೇಲೇ ನಡೀರಿ, ಎದುರಿಗೆ ಬರೋ ಗಾಡಿ ಕಾಣಬೇಕು. ಬ್ಯಾಗಿನ ಹಿಂದೆ ಹೊಳೆಯೋ ಟೇಪ್ ಅಂಟಿಸಿ. ಹೊಸ ಶೂ ಬೇಡ, ಕಾಲಿಗೆ ಪಳಗಿದ್ದೇ ಇರಲಿ. ಒಬ್ಬೊಬ್ಬರೂ ಒಂದೊಂದು ಸ್ಟೀಲ್ ಲೋಟ ಇಟ್ಕೊಳಿ.’ ಲೋಟ ಯಾಕೆ ಅಂತ ಆಗ ಯಾರೂ ಕೇಳಲಿಲ್ಲ.

ಬೆಳಕು ಹರಿದಾಗ ಎರಡೂ ಕಡೆ ತೆಂಗಿನ ತೋಟ. ಇನ್ನೂ ಏಳು ಗಂಟೆ, ಒಬ್ಬ ಅಕ್ಕ ಮನೆ ಮುಂದೆ ಕಾಫಿ ಹಿಡ್ಕೊಂಡು ನಿಂತಿದ್ರು. ನೊಣವಿನಕೆರೆ ಹತ್ತಿರ ಚಿತ್ರಾನ್ನ. ಅಲ್ಲಿಂದ ಮುಂದೆ ಒಂದು ಮನೆಯೋರು ಕೊಳದಪ್ಪಲೆ ತುಂಬ ಮಜ್ಜಿಗೆ ಮಾಡಿಟ್ಟಿದ್ರು. ಎಲ್ಲೂ ಬೋರ್ಡಿಲ್ಲ, ಬ್ಯಾನರಿಲ್ಲ. ‘ಬನ್ನಿ ಬನ್ನಿ, ಕುಡ್ಕೊಂಡು ಹೋಗಿ’ ಅನ್ನೋದಷ್ಟೇ.

ಹನ್ನೊಂದು ಗಂಟೆಗೆ ಬಿಸಿಲು ಏರಿತ್ತು. ತೋಟದ ಗೇಟಿನ ಪಕ್ಕ ಒಬ್ಬ ಅಜ್ಜಿ ಎಳನೀರು ರಾಶಿ ಹಾಕ್ಕೊಂಡು ಕೂತಿದ್ರು. ಮಗ ಮಚ್ಚಿನಲ್ಲಿ ಕೆತ್ತಿ ಕೊಡ್ತಿದ್ರು. ನಮ್ಮ ಗುಂಪಿನ ಹುಡುಗನೊಬ್ಬ ಕುಡಿದು ಮುಗಿಸಿ ಫೋನ್ ತೆಗೆದ.

‘ಅಜ್ಜಿ, ಸ್ಕ್ಯಾನರ್ ಎಲ್ಲಿದೆ?’

‘ಅದೆಂಥದಪ್ಪ?’

‘ದುಡ್ಡು ಕೊಡ್ತಾರಂತೆ ಕಣವ್ವ’ ಅಂತ ಮಗ ನಕ್ಕರು.

‘ದೇವ್ರತ್ರ ಹೋಗೋರ ತಾವ ದುಡ್ಡು ಇಸ್ಕೊಂಡು ನಾನೆಲ್ಲಿಗೆ ಹೋಗ್ಲಿ? ಇನ್ನೊಂದು ಕುಡಿ ಸುಮ್ನೆ.’

ಬೆಂಗಳೂರಿನ ಲೆಕ್ಕದಲ್ಲಿ ಎಳನೀರು ಅಂದ್ರೆ ಇಂತಿಷ್ಟು ರೂಪಾಯಿ. ಈ ಸೀಮೆಯ ಲೆಕ್ಕ ಬೇರೆ. ಇದು ಉಂಡೆ ಕೊಬ್ಬರಿ ನಾಡು. ಕಾಯಿ ಮರದ ಮೇಲೆ ಬಲಿಯೋದಕ್ಕೇ ಹತ್ತಿರ ಹತ್ತಿರ ಒಂದು ವರ್ಷ. ಕಿತ್ತ ಮೇಲೆ ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಲೊಟಲೊಟ ಅನ್ನೋ ಹೊತ್ತಿಗೆ ಇನ್ನೊಂದು ವರ್ಷ. ಎಳೆಯದನ್ನೇ ಕಿತ್ತರೆ ಅಟ್ಟಕ್ಕೆ ಆ ಕಾಯಿ ಇಲ್ಲ. ಇಲ್ಲಿ ಎಳನೀರು ಕೊಡೋದು ಅಂದ್ರೆ ಮುಂದಿನ ವರ್ಷದ ಕೊಬ್ಬರಿ ಕೊಟ್ಟ ಹಾಗೆ.

ಅದೂ ಎಂಥ ಕಾಲದಲ್ಲಿ! 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ. ಮಾರುಕಟ್ಟೆಯಲ್ಲಿ ಅದಕ್ಕಿಂತ ಬಹಳ ಕಡಿಮೆಗೆ ಮಾರಬೇಕಾಗಿ ರೈತರು ಬೀದಿಗಿಳಿದಿದ್ದರು. 2025ರಲ್ಲಿ ಅದೇ ಕೊಬ್ಬರಿ 20 ಸಾವಿರ ದಾಟಿತು. ಆದರೆ ರೇಟು ಬಂದಾಗ ಬಹಳ ಮನೆಗಳ ಅಟ್ಟದಲ್ಲಿ ಕಾಯೇ ಕಡಿಮೆ. ಅಜ್ಜಿಯ ತೋಟದಲ್ಲೂ ಗರಿಯೆಲ್ಲ ಉದುರಿ ಬರೀ ಕಂಬವಾಗಿ ನಿಂತ ನಾಲ್ಕೈದು ಮರ ರಸ್ತೆಗೇ ಕಾಣ್ತಿದ್ದವು.

‘ಇಷ್ಟು ಬೆಲೆ ಇರುವಾಗ ಎಳನೀರು ಯಾಕಣ್ಣ, ನೀರು ಕೊಟ್ಟಿದ್ರೂ ಸಾಕಿತ್ತಲ್ವಾ?’ ಅಂದೆ.

‘ಬೆಲೆ ಬಿದ್ದೋದಾಗ್ಲೂ ಕೊಟ್ಟಿದ್ವಿ. ಈಗ ಬೆಲೆ ಐತೆ ಅಂತ ನಿಲ್ಸಕಾಯ್ತದಾ?’ ಅಂದ್ರು. ಆಮೇಲೆ ಮಚ್ಚು ಕೆಳಗಿಟ್ಟು ಹೇಳಿದ್ರು: ‘ನಮ್ಮಪ್ಪ ವರ್ಷಾ ವರ್ಷ ನಡೀತಿತ್ತು. ಅದು ಹೋದ್ಮೇಲೆ ನಮ್ಮನೇಲಿ ಯಾರಿಗೂ ಆಗ್ತಿಲ್ಲ. ಹಸ ಅವೆ, ಅವ್ವನ್ನ ಬಿಟ್ಟು ಎಲ್ಲಿಗೋಗೋದು? ನೀವು ಹೋಯ್ತೀರಲ್ಲ, ನಮ್ದೂ ಒಂದು ನಮಸ್ಕಾರ ಹೇಳ್ಬುಡಿ.’

ಅಲ್ಲಿವರೆಗೆ ನಮ್ಮನ್ನ ನಾವು ಅತಿಥಿಗಳು ಅಂದುಕೊಂಡು ಉಪಚಾರ ಮಾಡಿಸ್ಕೊಂಡು ಬಂದಿದ್ವಿ. ಆ ಮನೆಯೋರ ಲೆಕ್ಕದಲ್ಲಿ ನಾವು ಅವರ ಹರಕೆ ಹೊತ್ಕೊಂಡು ಹೋಗೋರು. ನಡೆಯೋಕಾಗದೋರು ಕೊಡ್ತಾರೆ, ಕೊಡೋಕಾಗದೋರು ನಡೀತಾರೆ, ಎರಡೂ ಸೇರಿದ್ರೇ ಒಂದು ಯಾತ್ರೆ. ಹಾಗಿರುವಾಗ ದುಡ್ಡು ಕೊಟ್ಟರೆ ಅವರ ಪಾಲನ್ನ ನಾವು ಕಿತ್ತುಕೊಂಡ ಹಾಗೆ.

ಸ್ಟೀಲ್ ಲೋಟದ ವಿಷಯ ಅರ್ಥ ಆಗಿದ್ದೂ ಆಗಲೇ. ಎಳನೀರು ಬುರುಡೆಯನ್ನ ಆ ಮನೆಯೋರು ಒಣಗಿಸಿ ಒಲೆಗೆ ಹಾಕ್ತಾರೆ. ಆದರೆ ನಮಗಿಂತ ಮುಂದೆ ಹೋದೋರು ಬಿಸಾಕಿದ್ದ ಪ್ಲಾಸ್ಟಿಕ್ ಲೋಟಗಳು ಗಾಳಿಗೆ ಹಾರಿ ತೋಟದ ಪಾತಿಯೊಳಗೆ ಬಿದ್ದಿದ್ದವು. ನಮ್ಮ ಹಿರಿಯರು ಏನೂ ಮಾತಾಡದೆ ಬಗ್ಗಿ ಆರಿಸತೊಡಗಿದ್ರು, ನಾವೂ ಆರಿಸಿದ್ವಿ. ಕೊಟ್ಟ ಮನೆ ಮುಂದೇ ಕಸ ಹಾಕಿ ಹೋದರೆ, ಒಂದಲ್ಲ ಒಂದು ವರ್ಷ ಆ ಗೇಟು ಮುಚ್ಚುತ್ತೆ.

ಹಾಗಾಗಿ, ಈ ಸಲ ನೀವೂ ಹೊರಡೋದಾದ್ರೆ ಇಷ್ಟು ನೆನಪಿರಲಿ. ಲೋಟ ತಗೊಂಡು ಹೋಗಿ. ತೋಟದೊಳಗೆ ಕಾಲಿಡುವ ಮುಂಚೆ, ಬೋರ್‌ವೆಲ್ ನೀರು ಮುಟ್ಟುವ ಮುಂಚೆ ಕೇಳಿ. ಬೇಕಾದಷ್ಟೇ ತಗೊಳ್ಳಿ, ಹಿಂದೆ ಬರೋರೂ ಇದ್ದಾರೆ. ಹೊರಡುವಾಗ ‘ಎಷ್ಟಾಯ್ತು’ ಅನ್ನಬೇಡಿ, ‘ಸ್ವಾಮಿಗೆ ಏನಾದ್ರೂ ಹೇಳಬೇಕಾ’ ಅಂತ ಕೇಳಿ.

ಸಂಜೆ ತಿಪಟೂರು ಮುಟ್ಟಿದಾಗ ಎಲ್ಲರ ಕಾಲಲ್ಲೂ ಬೊಬ್ಬೆ. ಛತ್ರದಲ್ಲಿ ಉಪ್ಪು ಹಾಕಿದ ಬಿಸಿನೀರಿಗೆ ಕಾಲಿಟ್ಟು ಕೂತಿದ್ವಿ. ಸ್ಕ್ಯಾನರ್ ಕೇಳಿದ ಹುಡುಗ ಫೋನಿನಲ್ಲಿ ಏನೋ ಟೈಪ್ ಮಾಡ್ತಿದ್ದ. ಇಣುಕಿದೆ. ನಮಸ್ಕಾರ ಹೇಳಿ ಕಳಿಸಿದವರ ಪಟ್ಟಿ. ಕಾಫಿ ಅಕ್ಕ, ಮಗಳ ಪರೀಕ್ಷೆ. ಮಜ್ಜಿಗೆ ಮನೆ, ಯಜಮಾನರ ಮಂಡಿನೋವು. ಎಳನೀರು ಅಜ್ಜಿ, ಮಳೆ. ಒಂದೇ ದಿನಕ್ಕೆ ಒಂಬತ್ತು ಆಗಿತ್ತು. ಮಾರನೇ ದಿನ ಅರಸೀಕೆರೆ.