ಮಾತ್ರೆಗಿಂತ ಮೊದಲು ಕೋನ ಅಳೆಯಿರಿ

ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ ನುಂಗಿದರೆ ಎವಿಎನ್ (ರಕ್ತ ಪೂರೈಕೆ ನಿಂತು ತೊಡೆಮೂಳೆಯ ತಲೆ ಸಾಯುವ ಕಾಯಿಲೆ) ರೋಗಿಗೆ ಸೊಂಟದ ಆಪರೇಷನ್ ತಪ್ಪುತ್ತದೆ ಎಂಬ ಭರವಸೆ ಕೋವಿಡ್ ನಂತರ ಮತ್ತೆ ಚಲಾವಣೆಗೆ ಬಂದಿದೆ. ಸ್ಟಿರಾಯ್ಡ್ ಪಡೆದು ನಡುವಯಸ್ಸಿಗೆ ಮೊದಲೇ ಕುಂಟುತ್ತಿರುವವರು ಈ ಮಾತಿಗೆ ಜೋತುಬೀಳುವುದು ಸಹಜ. ಆದರೆ ಎಲ್ಲರಿಗೂ ಹಂಚುವಷ್ಟು ಗಟ್ಟಿ ಆಧಾರ ಅದಕ್ಕಿಲ್ಲ.

ಭರವಸೆಯ ಮೂಲ ತೈವಾನಿನ 2005ರ ಅಧ್ಯಯನ. ಮಾತ್ರೆ ಪಡೆದವರ 29 ಕೀಲುಗಳಲ್ಲಿ ಬದಲಾಯಿಸಬೇಕಾದದ್ದು ಒಂದೇ. ಪಡೆಯದವರ 25ರಲ್ಲಿ 16. ಇದನ್ನು ಉಲ್ಲೇಖಿಸುವವರು 2012ಕ್ಕೆ ಬರುವುದೇ ಇಲ್ಲ. ಆ ವರ್ಷ ಅದೇ ತೈವಾನಿನಿಂದ ಹಲವು ಆಸ್ಪತ್ರೆಗಳ ಇನ್ನೊಂದು ಅಧ್ಯಯನ ಬಂತು. ಇಲ್ಲಿ ಯಾರಿಗೆ ಔಷಧ, ಯಾರಿಗೆ ಹುಸಿಮಾತ್ರೆ ಎಂಬುದು ವೈದ್ಯರಿಗೂ ಗೊತ್ತಿರಲಿಲ್ಲ. ಎರಡು ವರ್ಷಗಳಲ್ಲಿ ಔಷಧ ಪಡೆದ 32 ಕೀಲುಗಳಲ್ಲಿ 4, ಹುಸಿಮಾತ್ರೆಯ 33ರಲ್ಲಿ 5 ಬದಲಾದವು. ಗಮನಿಸಬೇಕಾದದ್ದು ಔಷಧದ ಸಾಲನ್ನಲ್ಲ, ಎದುರಿನ ಸಾಲನ್ನು. ಔಷಧವಿಲ್ಲದವರಲ್ಲಿ ಆಪರೇಷನ್ ಪ್ರಮಾಣ ಶೇ 64ರಿಂದ ಶೇ 15ಕ್ಕೆ ಇಳಿದಿತ್ತು! ಮೊದಲ ಅಧ್ಯಯನದವರಂತೆ ತನಗೆ ಔಷಧ ಸಿಗುತ್ತಿಲ್ಲ ಎಂದು ತಿಳಿದ ರೋಗಿ ಎಷ್ಟು ನೋವು ತಾಳುತ್ತಾನೆ, ವೈದ್ಯರು ಎಷ್ಟು ಕಾಯುತ್ತಾರೆ ಎಂಬುದೂ ಆಪರೇಷನ್ನಿನ ತೀರ್ಮಾನದಲ್ಲಿ ಸೇರಿರುತ್ತದೆ. ಮೊದಲ ಅಧ್ಯಯನದ ಎಕ್ಸ್-ರೇಗಳಲ್ಲೂ ವ್ಯತ್ಯಾಸವಿತ್ತು, ಮೂಳೆಯ ತಲೆ ಕುಸಿದದ್ದು ಔಷಧ ಪಡೆದ 29ರಲ್ಲಿ 2, ಪಡೆಯದ 25ರಲ್ಲಿ 19, ಎನ್ನುವ ಆಕ್ಷೇಪ ನ್ಯಾಯವಾದದ್ದೇ. ಹಾಗಿದ್ದರೆ ಎರಡನೆಯ ಪರೀಕ್ಷೆಯಲ್ಲೂ ಆ ಲಾಭ ಕಾಣಬೇಕಿತ್ತು. ಕಾಣಲಿಲ್ಲ. 2015ರಲ್ಲಿ ಕೊರಿಯಾದವರು ಅದೇ ಬಗೆಯ ಔಷಧವಾದ ಜೊಲೆಡ್ರೊನೇಟ್ ಚುಚ್ಚುಮದ್ದು ಕೊಟ್ಟು ನೋಡಿದರು. ಅದೂ ಕುಸಿತ ತಡೆಯಲಿಲ್ಲ. ಮುಂಬೈನಿಂದ 2009ರಲ್ಲಿ ವರದಿಯಾದ, ಮಾತ್ರೆ ಪಡೆದ 395 ಕೀಲುಗಳ ಅನುಭವ ದೊಡ್ಡದು ನಿಜ, ಆದರೆ ಅಲ್ಲಿ ಹೋಲಿಸಲು ಇನ್ನೊಂದು ಗುಂಪಿಲ್ಲ.

ಕೀಲಿನ ಹಣೆಬರಹ ಹೆಚ್ಚಾಗಿ ನಿರ್ಧಾರವಾಗುವುದು ಸತ್ತ ಮೂಳೆಯ ಗಾತ್ರದಿಂದ. ಎಂಆರ್‌ಐನಲ್ಲಿ ಮುಂದಿನಿಂದ, ಪಕ್ಕದಿಂದ ಕಾಣುವ ಸತ್ತ ಭಾಗದ ಎರಡು ಕೋನಗಳನ್ನು ಅಳೆದು ಕೂಡಿಸುವ ಕೊರಿಯಾದ ವಿಧಾನ 2006ರದು. ಅಲ್ಲಿನ 37 ಕೀಲುಗಳಲ್ಲಿ ಮೊತ್ತ 240 ಡಿಗ್ರಿ ಮುಟ್ಟಿದ 25 ಕೀಲುಗಳೂ ಕುಸಿದವು. 190 ದಾಟದ ನಾಲ್ಕರಲ್ಲಿ ಒಂದೂ ಕುಸಿಯಲಿಲ್ಲ. ಸಂಖ್ಯೆ ಸಣ್ಣದು, ದಿಕ್ಕು ಸ್ಪಷ್ಟ. ಸತ್ತ ಭಾಗ ಚಿಕ್ಕದಾಗಿರುವವರಿಗೆ ಮದ್ಯ ಬಿಡಿಸಿ, ಸಾಧ್ಯವಿದ್ದಲ್ಲಿ ಸ್ಟಿರಾಯ್ಡ್ ಇಳಿಸಿ, ಆಗಾಗ ಎಕ್ಸ್-ರೇ ತೆಗೆದು ಕಾಯಬಹುದು. ಅವರ ಕೀಲು ಉಳಿದರೆ ಕೀರ್ತಿ ಮಾತ್ರೆಗೆ ಹೋಗುತ್ತದೆ, ನನ್ನ ತಕರಾರು ಇರುವುದೇ ಇಲ್ಲಿ. ಸತ್ತ ಭಾಗ ದೊಡ್ಡದಾಗಿರುವವರು ಮಾತ್ರೆ ನಂಬಿ ಕೂತರೆ ಮೂಳೆಗೆ ರಂಧ್ರ ಕೊರೆದು ಒತ್ತಡ ಇಳಿಸುವ ಕೋರ್ ಡಿಕಂಪ್ರೆಷನ್‌ನಿಂದ ಏನಾದರೂ ಆಗಬಹುದಾದ, ಕುಸಿತಕ್ಕೆ ಮೊದಲಿನ ತಿಂಗಳುಗಳು ಕಳೆದುಹೋಗುತ್ತವೆ.

ಆಯುಷ್ಮಾನ್ ಭಾರತ್ ಕೀಲು ಬದಲಾವಣೆಗೆ ಹಣ ಕೊಡುತ್ತದೆ, ಹೊರರೋಗಿಯ ಎಂಆರ್‌ಐಗೆ ಕೊಡುವುದಿಲ್ಲ. ಸ್ಟಿರಾಯ್ಡ್ ಪಡೆದ ಇತಿಹಾಸ, ತೊಡೆಸಂದಿನ ನೋವು ಎರಡೂ ಇದ್ದವರಿಗೆ ಯೋಜನೆಯೇ ಎಂಆರ್‌ಐ ಖರ್ಚು ಭರಿಸಲಿ. ರೇಡಿಯಾಲಜಿ ವರದಿ ‘ಎವಿಎನ್ ಇದೆ’ ಎಂದಷ್ಟೇ ಬರೆದು ನಿಲ್ಲದೆ ಕೋನದ ಮೊತ್ತವನ್ನೂ ನಮೂದಿಸಬೇಕು. ಮಾತ್ರೆಯ ಚರ್ಚೆ ಆ ಅಂಕಿ ಕೈಗೆ ಬಂದ ಮೇಲೆ.