ಸ್ನೇಹಕೂಟದ ಬಾಗಿಲಲ್ಲಿ ನಿಂತವರು ಯಾರು?

ಬ್ಲಾಗು ಬರೆಯೋರು, ವೆಬ್ ಪತ್ರಿಕೆ ನಡೆಸೋರು, ಯೂಟ್ಯೂಬಿನಲ್ಲಿ ಮಾತಾಡೋರು ಎಲ್ಲ ಒಂದು ಭಾನುವಾರ ಒಂದು ಕಡೆ ಸೇರೋಣ, ಬರೀ ಹೆಸರಲ್ಲಿ ಕಂಡವರ ಮುಖ ನೋಡೋಣ, ಕಾಫಿ ಕುಡಿಯೋಣ, ಹರಟೋಣ ಅಂತ ಆಗಾಗ ಕರೆ ಬರುತ್ತೆ. ಬರಲಿ. ಒಬ್ಬೊಬ್ಬನೇ ರಾತ್ರಿ ಕೂತು ಬರೆಯೋ ಈ ಕೆಲಸದಲ್ಲಿ ನಾಲ್ಕು ಜನ ಸೇರೋದು ಬೇಕಾದದ್ದೇ. ಆದರೆ ಅಂಥ ಕರೆಯೋಲೆಯ ಕೊನೆಯಲ್ಲಿ ಒಂದು ಸಾಲು ಕಾಣುತ್ತೆ: ‘ಇದು ಕೇವಲ ಸ್ನೇಹಕೂಟ, ಇಲ್ಲಿ ಜಾತಿ-ರಾಜಕೀಯಕ್ಕೆ ಅವಕಾಶವಿಲ್ಲ’. ಗೆಳೆಯರೇ, ನನ್ನ ತಕರಾರು ಇರೋದು ಈ ಒಂದು ಸಾಲಿನ ಮೇಲೆ.

ಸ್ನೇಹ ಅನ್ನೋದಕ್ಕೆ ನಮ್ಮ ದೇಶದಲ್ಲಿ ವಿಳಾಸ ಇದೆ. ಅದು ಯಾವ ಬೀದಿಯಲ್ಲಿ ಹುಟ್ಟುತ್ತೆ, ಯಾವ ಬೀದಿವರೆಗೆ ಬಂದು ನಿಲ್ಲುತ್ತೆ ಅಂತ ನಮ್ಮ ಕೇರಿಯ ಐದು ವರ್ಷದ ಮಗುವಿಗೂ ಗೊತ್ತು. ‘ಜಾತಿ ಬೇಡ’ ಅಂತ ಬರೆಯೋನು ಯಾರು? ಜಾತಿಯಿಂದ ಏನನ್ನೂ ಕಳಕೊಳ್ಳದವನು. ಹೊಟ್ಟೆ ತುಂಬಿದವನು ಊಟದ ಮಾತು ಬೇಡ ಅಂದಷ್ಟೇ ಸಲೀಸಾಗಿ ಅವನು ಈ ಮಾತು ಹೇಳ್ತಾನೆ. ನಾವು ಬಾಯಿ ಬಿಟ್ಟರೆ ಅದು ರಾಜಕೀಯ. ಅವರು ತಮ್ಮ ಅಜ್ಜನ ಅಗ್ರಹಾರದ ನೆನಪು ಬರೆದರೆ ಅದು ಲಲಿತ ಪ್ರಬಂಧ! ಅಂತರ್ಜಾಲದಲ್ಲಿ ಯಾರ ಜಾತಿ ಯಾರಿಗೆ ಕಾಣುತ್ತೆ ಸ್ವಾಮಿ ಅಂತ ಕೇಳೋರೂ ಇದ್ದಾರೆ. ಕಾಣುತ್ತೆ. ಹೆಸರಿನ ಬಾಲದಲ್ಲಿ ಕಾಣುತ್ತೆ, ‘ಹ’ಕಾರ ‘ಅ’ಕಾರದಲ್ಲಿ ಕಾಣುತ್ತೆ, ಏಪ್ರಿಲ್ 14ರಂದು ಏನು ಹಾಕಿದ ಅನ್ನೋದರಲ್ಲಿ ಕಾಣುತ್ತೆ. ಕಂಡ ಮೇಲೆ ಕೆಳಗೆ ಬೀಳೋ ಬೈಗುಳಗಳಲ್ಲಂತೂ ಚೆನ್ನಾಗೇ ಕಾಣುತ್ತೆ.

ಇದೇನು ಹೊಸ ಕತೆಯಲ್ಲ. ಬಾಬಾಸಾಹೇಬರು 1920ರ ಜನವರಿ 31ರಂದು ‘ಮೂಕನಾಯಕ’ ತಂದಾಗ ತಿಲಕರು ಕಟ್ಟಿದ ‘ಕೇಸರಿ’ ಪತ್ರಿಕೆ ದುಡ್ಡು ಕೊಡ್ತೀವಿ ಅಂದರೂ ಅದರ ಜಾಹೀರಾತು ಹಾಕಲಿಲ್ಲ. ಸುದ್ದಿ ಬೇಡ, ಅಭಿಪ್ರಾಯ ಬೇಡ, ಜಾಹೀರಾತನ್ನೂ ಹಾಕಲಿಲ್ಲ! ಕೊಲ್ಹಾಪುರದ ಶಾಹು ಮಹಾರಾಜರು 2,500 ರೂಪಾಯಿ ಕೊಟ್ಟದ್ದರಿಂದ ಆ ಪತ್ರಿಕೆ ಕಣ್ಣು ಬಿಟ್ಟಿತು. 1979ರ ಧರ್ಮಸ್ಥಳ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೊಡಿ ಅಂದರೆ ಪರಿಷತ್ತು ಒಪ್ಪಲಿಲ್ಲ. ಆ ವರ್ಷವೇ ಬೆಂಗಳೂರಿನಲ್ಲಿ ಬಂಡಾಯದವರು ತಮ್ಮ ಸಮ್ಮೇಳನ ತಾವೇ ಮಾಡಿದರು. ನಲವತ್ತನಾಲ್ಕು ವರ್ಷ ಆದ ಮೇಲೆ, 2023ರ ಜನವರಿಯಲ್ಲಿ, ಹಾವೇರಿ ಸಮ್ಮೇಳನದಲ್ಲಿ ಮುಸ್ಲಿಂ ಲೇಖಕರನ್ನು ಬದಿಗೆ ತಳ್ಳಿದ್ದಾರೆ ಅಂತ ಕೂಗೆದ್ದಾಗ ಬೆಂಗಳೂರಿನಲ್ಲಿ ಮತ್ತೆ ಜನಸಾಹಿತ್ಯ ಸಮ್ಮೇಳನ ನಡೀತು. ಹೊರಗಿಟ್ಟಾಗಲೆಲ್ಲ ನಮ್ಮೋರು ಹೊರಗೇ ಚಪ್ಪರ ಹಾಕಿದ್ದಾರೆ. ಆ ಚಪ್ಪರಗಳಿಂದಲೇ ಕನ್ನಡ ಉಸಿರಾಡಿದೆ ಅಂದರೆ ಅತಿಶಯೋಕ್ತಿ ಅಂತ ಯಾರಾದರೂ ಹೇಳಲಿ, ನೋಡೋಣ.

ಅಂತರ್ಜಾಲ ಬಂದಾಗ ಬಾಗಿಲೇ ಇಲ್ಲದ ಮನೆ ಬಂತು ಅಂತ ಹಾಡಿ ಹೊಗಳಿದರು. ಸಂಪಾದಕ ಇಲ್ಲ, ಅಚ್ಚಿನ ಮನೆ ಸಾಲ ಇಲ್ಲ, ಕಾಗದದ ಬೆಲೆ ಇಲ್ಲ. ನಿಜ. ‘ಬರಹ’ 1998ರಲ್ಲಿ ಬಂತು, ಕನ್ನಡ ವಿಕಿಪೀಡಿಯ 2003ರಲ್ಲಿ, ‘ಸಂಪದ’ 2005ರಲ್ಲಿ. ಕನ್ನಡ ಅಕ್ಷರವೇ ಪರದೆ ಮೇಲೆ ಚೌಕ ಚೌಕವಾಗಿ ಒಡೆದು ಕಾಣ್ತಿದ್ದ ಕಾಲದಲ್ಲಿ ಅದನ್ನ ಮೂಡಿಸಿದವರ ದುಡಿಮೆ ಸಣ್ಣದಲ್ಲ, ಅದನ್ನು ಹೀಗಳೆಯೋ ಚಾಳಿ ನನಗಿಲ್ಲ. ಆದರೆ ಆಗ ಮನೆಯಲ್ಲಿ ಕಂಪ್ಯೂಟರು, ಟೆಲಿಫೋನ್ ತಂತಿ ಇದ್ದದ್ದು ಯಾರಿಗೆ? ನಮ್ಮ ಹುಡುಗರು ತಾಲ್ಲೂಕು ಪೇಟೆಯ ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟು ಅಂತ ಕೊಟ್ಟು ಪರೀಕ್ಷೆ ಫಲಿತಾಂಶ ನೋಡಿಕೊಂಡು ಬಂದರೆ ಅದೇ ಹೆಚ್ಚು. ಹಾಗಾಗಿ ‘ಬ್ಲಾಗಿಗ’ ಅನ್ನೋ ಪದವೇ ಒಂದು ವರ್ಗದ ಪದವಾಗಿ ಹುಟ್ಟಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗ ಆದ ಮೇಲೆ ನಮ್ಮೋರ ಕೈಗೂ ಫೋನು ಬಂತು. (ದೊಡ್ಡ ಬಂಡವಾಳಗಾರ ಅದನ್ನ ನಮ್ಮ ಉದ್ಧಾರಕ್ಕೆ ಮಾಡಲಿಲ್ಲ, ಅದು ಬೇರೆ ಮಾತು.) ಈಗ ಗಾರೆ ಕೆಲಸದ ಹುಡುಗ ಮಧ್ಯಾಹ್ನದ ಊಟದ ಹೊತ್ತಲ್ಲಿ ಕಬ್ಬಿಣದ ರಾಶಿ ಮೇಲೆ ಕೂತು ಫೇಸ್‌ಬುಕ್ಕಿನಲ್ಲಿ ಬರೀತಾನೆ. ತಮಟೆ ಬಾರಿಸೋನು ತನ್ನ ಮಟ್ಟುಗಳನ್ನ ವಿಡಿಯೋ ಮಾಡಿ ಹಾಕ್ತಾನೆ. ಆಶಾ ಕಾರ್ಯಕರ್ತೆಯರ ಧರಣಿಯನ್ನ ಅವರಲ್ಲೇ ಒಬ್ಬಳು ಫೋನಲ್ಲೇ ನೇರ ಪ್ರಸಾರ ಮಾಡ್ತಾಳೆ. ಇವರು ಯಾರೂ ಬ್ಲಾಗಿಗರಲ್ಲವಂತೆ! ಇವರಿಗೆ ‘ತಾಣ’ ಇಲ್ಲವಂತೆ! ಹತ್ತು ವರ್ಷದಿಂದ ಒಂದಕ್ಷರ ಬರೆಯದೆ ಬ್ಲಾಗು ಪಾಳು ಬಿಟ್ಟವನಿಗೆ ಕರೆ ಹೋಗುತ್ತೆ, ದಿನಾ ಬರೆಯೋ ಈ ಹುಡುಗನಿಗೆ ಹೋಗಲ್ಲ.

ಉತ್ತರಪ್ರದೇಶದ ಚಿತ್ರಕೂಟದ ಕಡೆ 2002ರಲ್ಲಿ ‘ಖಬರ್ ಲಹರಿಯಾ’ ಅನ್ನೋ ಪತ್ರಿಕೆ ಶುರು ಮಾಡಿದ ಹಳ್ಳಿ ಹೆಣ್ಣುಮಕ್ಕಳಲ್ಲಿ ದಲಿತರು ಬಹಳ ಜನ. ಕಾಗದದ ಮೇಲೆ ಬರೆದವರು ಆಮೇಲೆ ಫೋನ್ ಹಿಡಿದು ವಿಡಿಯೋ ಸುದ್ದಿ ಮಾಡಿದರು. ಅವರ ಮೇಲೆ ತೆಗೆದ ಸಾಕ್ಷ್ಯಚಿತ್ರ 2022ರಲ್ಲಿ ಆಸ್ಕರ್ ನಾಮನಿರ್ದೇಶನದವರೆಗೂ ಹೋಯ್ತು. ಅವರನ್ನ ಯಾರೂ ಯಾವ ಹೋಟೆಲಿನ ಸ್ನೇಹಕೂಟಕ್ಕೂ ಕರೆದು ಬೆಳೆಸಲಿಲ್ಲ. ಇತ್ತ ದೊಡ್ಡ ಸುದ್ದಿಮನೆಗಳ ಕತೆ ನೋಡಿ. ಆಕ್ಸ್‌ಫ್ಯಾಮ್ ಇಂಡಿಯಾ ಮತ್ತು ನ್ಯೂಸ್‌ಲಾಂಡ್ರಿ 2019ರಲ್ಲಿ ಎಣಿಸಿದರು: ತಾವು ನೋಡಿದ ಪತ್ರಿಕೆ, ಟೀವಿ, ವೆಬ್‌ ತಾಣಗಳ 121 ಮೇಲಿನ ಕುರ್ಚಿಗಳಲ್ಲಿ 106 ಮೇಲ್ಜಾತಿಯವರದು. ಪರಿಶಿಷ್ಟ ಜಾತಿ, ಪಂಗಡದವರು? ಒಬ್ಬರೂ ಇಲ್ಲ. ವೆಬ್‌ ತಾಣಗಳೂ ಆ ಲೆಕ್ಕದಲ್ಲಿವೆ, ಗಮನಿಸಿ. ಬಾಗಿಲಿಲ್ಲದ ಮನೆ ಅಂದರಲ್ಲ?

ಆದ್ದರಿಂದ ಕೂಟ ಬೇಡ ಅಂತ ನಾನು ಹೇಳ್ತಿಲ್ಲ. ಕೂಟ ಮಾಡಬೇಕು, ನಾವೇ ಮಾಡಬೇಕು, ನಮ್ಮ ತಾಲ್ಲೂಕಿನಲ್ಲೇ ಮಾಡಬೇಕು. ಹೇಗೆ ಮಾಡ್ತೀವಿ ಅನ್ನೋದರಲ್ಲೇ ಎಲ್ಲಾ ರಾಜಕೀಯ ಇದೆ.

ಜಾಗ ಮೊದಲು. ಎ.ಸಿ. ಹಾಲ್ ಬೇಡ. ಗಾಜಿನ ಬಾಗಿಲು ಕಂಡರೆ ನಮ್ಮ ಹುಡುಗ ಚಪ್ಪಲಿ ಎಲ್ಲಿ ಬಿಡಬೇಕು ಅಂತ ಯೋಚನೆ ಮಾಡ್ತಾ ಹೊರಗೇ ನಿಂತುಬಿಡ್ತಾನೆ. ತಾಲ್ಲೂಕಿನ ಅಂಬೇಡ್ಕರ್ ಭವನವೋ, ಸರ್ಕಾರಿ ಶಾಲೆಯ ಕೊಠಡಿಯೋ, ಹಾಸ್ಟೆಲಿನ ಊಟದ ಮನೆಯೋ ಆದೀತು. ಬಸ್ ಸ್ಟ್ಯಾಂಡಿನಿಂದ ನಡೆದು ಹೋಗೋ ಹಾಗಿರಬೇಕು. ಹೊತ್ತು ಬೆಳಿಗ್ಗೆ ಎಂಟಕ್ಕೆ ಇಟ್ಟರೆ ಹಳ್ಳಿಯವನು ಬರೋ ಹೊತ್ತಿಗೆ ಪರಿಚಯ ಮುಗಿದಿರುತ್ತೆ. ಸಂಜೆ ಏಳಕ್ಕೆ ಮುಗಿಸಿದರೆ ಹೆಣ್ಣುಮಕ್ಕಳಿಗೆ ಕೊನೇ ಬಸ್ಸು ತಪ್ಪಿರುತ್ತೆ. 2023ರ ಜೂನಿನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ ಆಯ್ತು ಸರಿ, ಬಸ್ಸೇ ಇಲ್ಲದ ಹೊತ್ತಲ್ಲಿ ಆ ಪುಕ್ಕಟೆ ಟಿಕೆಟ್ ಇಟ್ಕೊಂಡು ಏನು ಮಾಡೋದು? ಹತ್ತೂವರೆಗೆ ಶುರು, ನಾಲ್ಕಕ್ಕೆ ಮುಕ್ತಾಯ. ಕೂಲಿ ಬಿಟ್ಟು ಬರೋನಿಗೆ ಪ್ರವೇಶ ಶುಲ್ಕ ಅಂತ ಕೇಳಬಾರದು. ಇಂಗ್ಲಿಷಿನ ಫಾರಂ ತುಂಬಿ ಹೆಸರು ನೋಂದಾಯಿಸಿ ಅನ್ನಬಾರದು. ಒಂದು ಫೋನ್ ನಂಬರು ಸಾಕು, ಅದನ್ನೂ ಕೊಡದೆ ಬಂದರೆ ಒಳಗೆ ಬರಲಿ. ಎತ್ತರದ ವೇದಿಕೆ, ಸಿಂಹಾಸನದಂಥ ಕುರ್ಚಿ ಬೇಡ. ಜಮಖಾನ ಹಾಸಿ, ಮೊಣಕಾಲು ನೋವಿನವರಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ.

ಊಟ. ಇಲ್ಲಿ ಸ್ವಲ್ಪ ನಿಲ್ಲಬೇಕು. 2024ರ ಡಿಸೆಂಬರಿನ ಮಂಡ್ಯ ಸಾಹಿತ್ಯ ಸಮ್ಮೇಳನ ನೆನಪಿದೆಯಲ್ಲ? ಮದ್ಯ, ತಂಬಾಕು, ಮಾಂಸಾಹಾರ ಮೂರನ್ನೂ ಒಂದೇ ಸಾಲಿನಲ್ಲಿ ಇಟ್ಟು ನಿಷೇಧ ಅಂದರು. ನಾವು ತಿನ್ನೋ ಅನ್ನ ಹೆಂಡದ ಜೊತೆ ಸೇರಿತು! ಬಾಡೂಟದ ನಾಡಿನಲ್ಲೇ! ಜನ ರೇಗಿದರು, ಹಕ್ಕಿನ ಮಾತೆತ್ತಿದರು; ಕೊನೇ ದಿನ ಮೊಟ್ಟೆ ಬಂತು. ಸಣ್ಣ ಕೂಟದಲ್ಲಿ ಇಷ್ಟೆಲ್ಲ ಯಾಕೆ, ‘ಎಲ್ಲರಿಗೂ ಆಗೋ ಹಾಗೆ’ ಸಸ್ಯಾಹಾರ ಇಡೋಣ ಅಂತ ನಮ್ಮಲ್ಲೇ ಕೆಲವರು ಮೆತ್ತಗೆ ಹೇಳ್ತಾರೆ. ಎಲ್ಲರಿಗೂ ಅಂದರೆ ಯಾರಿಗಪ್ಪ? ಮುದ್ದೆ, ಉಪ್ಪೆಸರು ಮಾಡಿ. ಪಕ್ಕದಲ್ಲಿ ಬಾಡಿನ ಸಾರೂ ಇರಲಿ. ತಿನ್ನದವರು ತಿನ್ನೋದು ಬೇಡ, ಪಕ್ಕದಲ್ಲಿ ಕೂತು ಉಣ್ಣಲಿ. ಸ್ನೇಹ ಅಂತ ಯಾವುದನ್ನ ಕರೀತೀವೋ ಅದು ಆ ಪಂಕ್ತಿಯಲ್ಲೇ ಗೊತ್ತಾಗಿಬಿಡುತ್ತೆ, ಅದಕ್ಕೆ ಮತ್ತೆ ಭಾಷಣ ಬೇಕಿಲ್ಲ. ಎಲೆ ಎತ್ತೋರು, ಪಾತ್ರೆ ತೊಳೆಯೋರು ಯಾರು ಅಂತಲೂ ಮೊದಲೇ ತೀರ್ಮಾನ ಆಗಬೇಕು. ಆ ಕೆಲಸ ತಂತಾನೇ ಯಾರ ಕೈಗೆ ಹೋಗುತ್ತೆ ಅಂತ ಹೇಳಬೇಕಾಗಿಲ್ಲ ತಾನೆ.

ಹೆಣ್ಣುಮಕ್ಕಳ ವಿಚಾರದಲ್ಲಿ ನಮ್ಮ ಗಂಡಸರಿಗೆ ನಾಲ್ಕು ಮಾತು ಬಾಗಿಲಲ್ಲೇ ಹೇಳಿ ಒಳಗೆ ಬಿಡಬೇಕು. ಕೇಳದೆ ಫೋಟೋ ತೆಗೆಯಬಾರದು, ತೆಗೆದರೂ ಕೇಳದೆ ಹಾಕಬಾರದು. ಮನೆಯವರಿಗೆ ಗೊತ್ತಾಗದ ಹಾಗೆ ಬೇರೆ ಹೆಸರಿಟ್ಟುಕೊಂಡು ಬರೆಯೋ ಹೆಣ್ಣುಮಕ್ಕಳಿದ್ದಾರೆ. ನಿಮ್ಮ ಒಂದು ಸೆಲ್ಫಿ ಅವಳ ಬರವಣಿಗೆಯನ್ನೇ ನಿಲ್ಲಿಸಿಬಿಡುತ್ತೆ. ವೇದಿಕೆ ಮೇಲೆ ಸಮಾನತೆ, ರಾತ್ರಿ ಇನ್‌ಬಾಕ್ಸಿನಲ್ಲಿ ಪೋಲಿತನ – ಇಂಥ ಕ್ರಾಂತಿಕಾರಿಗಳು ನಮ್ಮಲ್ಲೂ ಇದ್ದಾರೆ. ಅವರು ಮನೆಯಲ್ಲೇ ಇದ್ದರೆ ಕೂಟಕ್ಕೆ ನಷ್ಟವೇನಿಲ್ಲ.

ಇನ್ನು ಮಾತು. ಓದುಗರನ್ನ ಹೆಚ್ಚಿಸೋದು ಹೇಗೆ, ಜಾಹೀರಾತಿನ ದುಡ್ಡು ಬರೋದು ಹೇಗೆ ಅಂತ ಮಾತಾಡಿದರೆ ಮೂಗು ಮುರಿಯೋರ ಪೈಕಿ ನಾನಲ್ಲ. ಬರೆದು ನಾಲ್ಕು ಕಾಸು ಸಂಪಾದಿಸೋದು ಪಾಪ ಅನ್ನೋದು ತಿಂಗಳ ಸಂಬಳದವರ ವೇದಾಂತ. ಆದರೆ ಅದಕ್ಕಿಂತ ಮುಂಚೆ ಕೇಳಬೇಕಾದ್ದು, ಬರೆದದ್ದು ಉಳಿಯುತ್ತಾ? ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು, ಗೂಗಲ್ ಪ್ಲಸ್ 2019ರ ಏಪ್ರಿಲಿನಲ್ಲಿ, ಟಿಕ್‌ಟಾಕ್ ಅನ್ನು 2020ರ ಜೂನಿನಲ್ಲಿ ಸರ್ಕಾರ ನಿಷೇಧಿಸಿತು. ಅಲ್ಲಿ ನಮ್ಮೋರು ಹಾಡಿದ್ದು, ಜಗಳ ಆಡಿದ್ದು, ಅತ್ತದ್ದು ಎಲ್ಲ ಎಲ್ಲಿ ಹೋಯ್ತು? ಪರರ ಜಮೀನಿನಲ್ಲಿ ಬಿತ್ತಿದ ಬೆಳೆ ಹಾಗೇ. ಗೇಣಿದಾರನಿಗೆ ಆದದ್ದೇ ನಮಗೂ ಆಯ್ತು. ಕೂಟಕ್ಕೆ ಬಂದವರೆಲ್ಲ ಅವತ್ತೇ ತಮ್ಮ ಬರಹ, ವಿಡಿಯೋ ಎಲ್ಲವನ್ನೂ ಒಂದು ಹಾರ್ಡ್‌ಡಿಸ್ಕಿಗೆ ಇಳಿಸಿಕೊಳ್ಳೋದನ್ನ ಕಲೀಲಿ. ಹಳೇ ನುಡಿ ಫಾಂಟಿನಲ್ಲಿ ಟೈಪಾಗಿ ಯಾವ ಹುಡುಕಾಟಕ್ಕೂ ಸಿಗದ ಲೇಖನಗಳನ್ನ ಯೂನಿಕೋಡಿಗೆ ತರೋದು ಹೇಗೆ ಅಂತ ಗೊತ್ತಿರೋ ಹುಡುಗ ತೋರಿಸಲಿ. ಅದು ಅರ್ಧ ಗಂಟೆಯ ಕೆಲಸ, ಮೂರು ಉಪನ್ಯಾಸಕ್ಕಿಂತ ಮೇಲು.

ಆಮೇಲೆ ಕಾನೂನು, ಪೊಲೀಸು, ಹೊಡೆತ. ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟು 2015ರ ಮಾರ್ಚಿನಲ್ಲಿ ಕಿತ್ತು ಹಾಕಿತು. ಆದರೂ ಠಾಣೆಗಳಲ್ಲಿ ಅದೇ ಕಲಮಿನಲ್ಲಿ ಕೇಸು ಹಾಕ್ತಾನೇ ಇದ್ದಾರೆ ಅಂತ ಕೇಳಿ 2021ರಲ್ಲಿ ಆ ಕೋರ್ಟೇ ದಂಗಾಯಿತು. ಸತ್ತ ಕಾನೂನು ಬಡವನ ಮೇಲೆ ಬದುಕೇ ಇತ್ತು! ಅದೇ 2015ರ ಅಕ್ಟೋಬರಿನಲ್ಲಿ ದಾವಣಗೆರೆಯಲ್ಲಿ ಜಾತಿ ವಿರುದ್ಧ ಬರೆದ ದಲಿತ ವಿದ್ಯಾರ್ಥಿಯೊಬ್ಬನನ್ನು ‘ನಿನ್ನ ತಾಯಿಗೆ ಹುಷಾರಿಲ್ಲ’ ಅಂತ ಸುಳ್ಳು ಹೇಳಿ ಹಾಸ್ಟೆಲಿನಿಂದ ಕರಕೊಂಡು ಹೋಗಿ ಹಲ್ಲೆ ಮಾಡಿದರು, ಬೆರಳು ಕತ್ತರಿಸೋ ಬೆದರಿಕೆ ಹಾಕಿದರು. ಪತ್ರಿಕೆಗಳಲ್ಲೆಲ್ಲ ಬಂತು. ಆ ರಾತ್ರಿ ಅಂಥ ಹುಡುಗ ಯಾರಿಗೆ ಫೋನ್ ಮಾಡಬೇಕು? ಅವನ ಬರಹವನ್ನ ಮೆಚ್ಚಿದ ಸಾವಿರ ಜನರಿಗಾ? ಅವರ ಮುಖ ಅವನಿಗೆ ಗೊತ್ತಿಲ್ಲ, ಇವನ ಮುಖ ಅವರಿಗೆ ಗೊತ್ತಿಲ್ಲ. ಮುಖ ಗೊತ್ತಿರೋ ಹತ್ತು ಜನ ಬೇಕು. ಒಬ್ಬನೇ ಠಾಣೆಗೆ ಹೋದರೆ ಗೋಡೆ ಪಕ್ಕ ನಿಲ್ಲಿಸ್ತಾರೆ, ಹತ್ತು ಜನ ಹೋದರೆ ದೂರು ಬರಕೊಳ್ತಾರೆ. ನನ್ನ ಮಟ್ಟಿಗೆ ಕೂಟದ ಅರ್ಥ ಇದು. ಕಾಫಿ ಅದರ ಜೊತೆಗಿರಲಿ. ಊರಿನ ಒಬ್ಬ ಲಾಯರನ್ನ ಅವತ್ತು ಕರೆಸಿ, ಅವರ ನಂಬರನ್ನ ಎಲ್ಲರೂ ಬರಕೊಳ್ಳಿ.

ಇಷ್ಟು ಹೇಳಿ ನಮ್ಮ ಹಳೇ ರೋಗದ ಬಗ್ಗೆ ಸುಮ್ಮನಿದ್ದರೆ ತಪ್ಪಾಗುತ್ತೆ. ನಮ್ಮ ಸಭೆಗಳಲ್ಲೂ ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು ಅಂತ ಹದಿನಾಲ್ಕು ಹೆಸರು. ಹಾರ, ಶಾಲು, ಪೇಟ. ಮೈಕು ಹಿಡಿದ ಹಿರಿಯರು 1975ರಿಂದ ಶುರು ಮಾಡಿ ಊಟದ ಹೊತ್ತಿಗೆ 1983ಕ್ಕೆ ಬಂದಿರ್ತಾರೆ. ಹಿಂದೆ ಕೂತ ಹುಡುಗಿ ಬರೆಯೋದು ಏನು ಅಂತ ಯಾರೂ ಕೇಳಲ್ಲ. ಈ ಬಣ, ಆ ಬಣ ಅಂತ ಜಮಖಾನದ ಮೇಲೂ ಗೆರೆ ಬೀಳುತ್ತೆ. ಹಿರಿಯರಿಗೆ ಕೈ ಮುಗಿದು ಹೇಳ್ತೀನಿ: ಅಣ್ಣಾ, ಈ ಸಾರಿ ನೀವು ಮೊದಲು ಕೇಳಿಸಿಕೊಳ್ಳಿ, ಹದಿನೆಂಟು-ಇಪ್ಪತ್ತರ ಮಕ್ಕಳು ಫೋನಲ್ಲಿ ಏನು ಬರೀತಿದ್ದಾರೆ ಅಂತ ನೋಡಿ. ಆಮೇಲೆ ನಿಮ್ಮ ಹತ್ರ ಬೀರುವಿನಲ್ಲಿರೋ ಹಳೇ ‘ಪಂಚಮ’, ‘ಶೂದ್ರ’ದ ಸಂಚಿಕೆಗಳನ್ನ ಗೆದ್ದಲು ತಿನ್ನೋ ಮುಂಚೆ ಆ ಮಕ್ಕಳ ಕೈಗೆ ಕೊಡಿ, ಅವರು ಪುಟ ಪುಟ ಫೋಟೋ ತೆಗೆದು ಉಳಿಸ್ತಾರೆ.

ಖರ್ಚು ಅಂತ ದೊಡ್ಡದೇನಿಲ್ಲ. ಜಾಗದ ಬಾಡಿಗೆ, ಅಕ್ಕಿ, ರಾಗಿ, ಬಾಡು, ಸೌದೆ ಅಥವಾ ಗ್ಯಾಸು, ಅಡಿಗೆಯವರ ಕೂಲಿ. ಕೂಲಿಯನ್ನ ಚೌಕಾಸಿ ಮಾಡದೆ ಕೊಡಿ. ಸಂಬಳದವರು ಜಾಸ್ತಿ ಹಾಕಲಿ, ಇಲ್ಲದವರು ಹಾಕೋದು ಬೇಡ. ರಿಯಲ್ ಎಸ್ಟೇಟಿನವನ ಬ್ಯಾನರು, ಎಮ್ಮೆಲ್ಲೆ ಫೋಟೋ ಎರಡೂ ಬೇಡ. ಬಂದದ್ದೆಷ್ಟು, ಹೋದದ್ದೆಷ್ಟು ಅಂತ ಬರೆದು ಅವತ್ತೇ ಸಂಜೆ ಬಾಗಿಲಿಗೆ ಅಂಟಿಸಿ. ಏನಾದರೂ ಉಳಿದರೆ, ಬಾಡಿಗೆ ಕಟ್ಟೋಕಾಗದೆ ಮುಚ್ಚೋ ಸ್ಥಿತಿಯಲ್ಲಿರೋ ನಮ್ಮೋರ ತಾಣ ಯಾವುದಿದೆ ನೋಡಿ, ಅದರ ಒಂದು ವರ್ಷದ ದುಡ್ಡು ಕಟ್ಟಿಬಿಡಿ.